ನಲವತ್ತು ಅಡಿಯ ಬಾವುಟ

ಕೋಲ್ಬಿ ಫೆರಿಯ ಹೊಗೆ ಎಂದರೆ ಅಂತಿಂಥ ಹೊಗೆಯಲ್ಲ. ಆ ಊರಿನ ಕಾಗೆಗಳು ಹಾರುವಾಗ ಕೆಮ್ಮುತ್ತಿದ್ದವು. ಬೆಳಿಗ್ಗೆ ಒಗೆದು ಹರವಿದ ಬಿಳಿ ಅಂಗಿ ಸಂಜೆಗೆ ಪಾದ್ರಿಗಳ ನಿಲುವಂಗಿಯಷ್ಟು ಕಪ್ಪಾಗಿರುತ್ತಿತ್ತು. ಆದರೆ ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಆ ಹೊಗೆಯನ್ನು ಬೈಯುವ ಗಂಡಸು ಊರಲ್ಲಿ ಹುಟ್ಟಿರಲಿಲ್ಲ. ಹೊಗೆ ಇದ್ದರೆ ಕೆಲಸ, ಕೆಲಸ ಇದ್ದರೆ ಹೊಸ ಕಾರು. ಕಾರುಗಳಂತೂ ವರ್ಷಕ್ಕೊಂದು ಮಾರು ಉದ್ದವಾಗುತ್ತಿದ್ದವು. ಹಿಂದಿನ ಚಕ್ರ ಮನೆ ಬಿಡುವಷ್ಟರಲ್ಲಿ ಮುಂದಿನ ಚಕ್ರ ಚರ್ಚು ತಲುಪಿರುತ್ತಿತ್ತು. ಪೆನ್ಸಿಲ್ವೇನಿಯಾದ ಆ ನದಿಯ ಕಣಿವೆ ಅರ್ಧ ಅಮೆರಿಕಕ್ಕೆ ಉಕ್ಕು ಬಡಿಸುತ್ತಿತ್ತು, ಉಳಿದರ್ಧಕ್ಕೆ ಎರಡನೇ ಸಲ ಬಡಿಸುತ್ತಿತ್ತು. ಗುಡ್ಡದ ಮೇಲೆ ಹೊಸ ಮನೆಗಳು ಒಂದೇ ಅಚ್ಚಿನಲ್ಲಿ ಎರೆದ ಹಾಗೆ ಎದ್ದಿದ್ದವು. ಒಬ್ಬ ಮನುಷ್ಯ ಕೆಲಸದಿಂದ ಬಂದವನು ಪಕ್ಕದ ಮನೆಗೆ ಹೊಕ್ಕು, ಉಂಡು, ಟೆಲಿವಿಷನ್ ನೋಡಿ, ಮೂರು ದಿನ ಅಲ್ಲೇ ಇದ್ದನಂತೆ. ನಾಯಿ ಗುರುತಿಸಿ ಬೊಗಳದಿದ್ದರೆ ಇವತ್ತಿಗೂ ಅಲ್ಲೇ ಇರುತ್ತಿದ್ದ.

ಆ ಮನೆಗಳ ಸಾಲಿನಲ್ಲಿ ಗಾಶ್ಪರ್ ವ್ರಾಬೆಲನದೂ ಒಂದು. ಅವನ ಅಪ್ಪ ಸ್ಲೊವಾಕಿಯಾದಿಂದ ಒಂದು ಕಂಬಳಿ ಹೊದ್ದು ಬಂದವನು. ಮಗನಿಗೆ ಈಗ ಗುಲಾಬಿ ಬಣ್ಣದ ಫ್ರಿಜ್ಜು, ಕತ್ತರಿಸಿದ ಹುಲ್ಲಿನಂಗಳ, ಹೊಗೆ ತಲುಪದ ಕಿಟಕಿ. ಕಾರ್ಖಾನೆಯಲ್ಲಿ ಅವನದು ಎಲ್ಲರಿಗಿಂತ ಎತ್ತರದ ಕೆಲಸ. ನೆಲದಿಂದ ಐವತ್ತಡಿ ಮೇಲೆ, ಕ್ರೇನಿನ ಗೂಡಿನಲ್ಲಿ ಕೂತು, ಕರಗಿದ ಉಕ್ಕು ತುಂಬಿದ ಕೊಪ್ಪರಿಗೆಯನ್ನು ಒಂದು ಹನಿ ತುಳುಕದಂತೆ ಈ ತುದಿಯಿಂದ ಆ ತುದಿಗೆ ಒಯ್ಯುವುದು. ತುಳುಕಿದರೆ ಕೆಳಗಿದ್ದವರ ಮೂಳೆಯೂ ಮಣ್ಣಿಗೆ ಸಿಗುವುದಿಲ್ಲ. ಆ ಗೂಡಿಗೆ ಏರಿದ ಮೇಲೆ ಗಾಶ್ಪರ್ ರಾಜ. ಇಳಿದ ಮೇಲೆ, ಕುಬಾಲನ ಹೆಂಡದಂಗಡಿಯಲ್ಲಿ, ಚಕ್ರವರ್ತಿ.

ಅಲ್ಲಿ ಅವನ ಸಿಂಹಾಸನಕ್ಕೆ ಇದ್ದದ್ದು ಒಂದೇ ಕಾಲು, ಒಂದೇ ಕಥೆ. ಮೂವತ್ತೇಳರ ಮುಷ್ಕರದ ಕಥೆ. ಕಂಪನಿಯವರು ಮುಷ್ಕರ ಮುರಿಯಲು ಹೊರಗಿನ ಆಳುಗಳನ್ನು ತುಂಬಿಕೊಂಡು ಒಂದು ರೈಲು ತಂದಿದ್ದರು. ಊರಿನವನೊಬ್ಬ ಒಬ್ಬನೇ ಹಳಿಯ ನಡುವೆ ನಿಂತು, ಕೆಂಪು ಬಾವುಟ ಬೀಸಿ, ಆ ರೈಲನ್ನು ನಿಲ್ಲಿಸಿದ. ರೈಲು ಹಿಂದಕ್ಕೆ ಹೋಯಿತು. ಇಷ್ಟು ನಿಜ.

ಗಾಶ್ಪರನ ಬಾಯಲ್ಲಿ ಆ ಬಾವುಟ ಪ್ರತಿ ವರ್ಷ ಬೆಳೆಯಿತು. ನಲವತ್ತರಲ್ಲಿ ಅದು ಮೇಜಿನ ಹಾಸಿನಷ್ಟಿತ್ತು. ಯುದ್ಧ ಮುಗಿಯುವಾಗ ಜೋಡಿ ಮಂಚದ ಹೊದಿಕೆ. ಐವತ್ತರ ಹೊತ್ತಿಗೆ ನಲವತ್ತು ಅಡಿ. ಅದರ ಗಾಳಿಗೆ ಇಂಜಿನ್ನಿನ ಬೆಂಕಿ ಆರಿತು. ಪೊಲೀಸರು ಮೊದಲು ಹನ್ನೆರಡು ಮಂದಿ, ಆಮೇಲೆ ಮುನ್ನೂರು. ಕೊನೆಗೆ ರಾಜ್ಯದ ಗವರ್ನರರೇ ಸ್ಟೇಷನ್ನಿಗೆ ಫೋನು ಮಾಡಿ, "ಗಾಶ್ಪರ್, ದಯವಿಟ್ಟು ಸ್ವಲ್ಪ ಪಕ್ಕಕ್ಕೆ ಸರಿ ಮಾರಾಯ" ಎಂದು ಬೇಡಿಕೊಂಡರು. ಪ್ರತಿ ಸಲ ಹೇಳಿದಾಗಲೂ ಯಾರೋ ಒಬ್ಬರು ಬಿಯರು ಕೊಡಿಸುತ್ತಿದ್ದರು. ಹದಿನೇಳು ವರ್ಷದಲ್ಲಿ ಗಾಶ್ಪರ್ ಕುಡಿದ ಬಿಯರಿನಲ್ಲಿ ಆ ರೈಲನ್ನು ತೇಲಿಸಿಬಿಡಬಹುದಿತ್ತು.

ರೈಲು ನಿಲ್ಲಿಸಿದವನು ಅವನಲ್ಲ. ಅವನ ಪಕ್ಕದಲ್ಲೇ ಕೂತು ಒಂದು ಗ್ಲಾಸನ್ನು ಎರಡು ಗಂಟೆ ಕುಡಿಯುತ್ತಿದ್ದ ಶಿಮೊನ್ ಹ್ಲಾದಿಕ್.

ಶಿಮೊನ್ ಊರಿಗೇ ಸತ್ಯವಂತ. ಒಮ್ಮೆ ಅಂಗಡಿಯವನು ತಪ್ಪಿ ಒಂದು ಮೊಟ್ಟೆ ಹೆಚ್ಚು ಕೊಟ್ಟನೆಂದು ಹಿಮದಲ್ಲಿ ಮೂರು ಮೈಲಿ ನಡೆದು ಹಿಂದಿರುಗಿಸಿದವನು. ದಾರಿಯಲ್ಲಿ ಅದು ಒಡೆದೀತೆಂದು ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದನಂತೆ. ಗಾಶ್ಪರ್ ಮೊದಲ ಸಲ ರೈಲಿನ ಕಥೆ ಹೇಳಿದಾಗ "ನಮ್ಮ ಶಿಮೊನ್ ಇದಾನಲ್ಲ" ಎಂದೇ ಶುರು ಮಾಡಿದ್ದ. ಮೇಜಿನ ಕೆಳಗಿಂದ ಮೊಣಕಾಲಿಗೆ ಒದೆ ಬಿತ್ತು. ಹೊರಗೆ ಬಂದ ಮೇಲೆ ಶಿಮೊನ್ ಅವನ ಕಾಲರು ಹಿಡಿದಿದ್ದ.

"ಕಥೆ ಹೇಳ್ಕೊ, ಬೇಡ ಅನ್ನಲ್ಲ. ನನ್ನ ಹೆಸರು ಎತ್ತಬೇಡ. ಕಂಪನಿಯವ್ರಿಗೆ ಗೊತ್ತಾದ್ರೆ ಈ ಕಣಿವೇಲಿ ನನಗೆ ಕಸ ಗುಡಿಸೋ ಕೆಲಸವೂ ಸಿಗಲ್ಲ."

"ಮತ್ತೆ ಯಾರ ಹೆಸರು ಹೇಳ್ಲಿ? ಹೆಸರಿಲ್ದೆ ಕಥೆ ಹೇಳಿದ್ರೆ ಯಾವನು ಕುಡಿಸ್ತಾನೆ?"

"ನಿನ್ನದೇ ಹೇಳ್ಕೊ. ನಿನ್ನನ್ನ ಯಾರು ನಂಬ್ತಾರೆ?"

ಹಾಗೆ ಕಥೆಗೆ ಗಾಶ್ಪರ್ ಸೇರಿಕೊಂಡ. ಶಿಮೊನ್ ಅವತ್ತೇ ನಿಜವಾದ ಬಾವುಟದ ಬಗ್ಗೆಯೂ ಹೇಳಿದ್ದ. ಅದು ರೈಲ್ವೆ ಗೇಟು ಕಾಯುವವನ ಕೈಯಿಂದ ಕಿತ್ತುಕೊಂಡದ್ದು, ರೈಲು ನಿಲ್ಲಿಸಲು ಪ್ರತಿಯೊಂದು ಗೇಟಿನಲ್ಲೂ ಇರುವ ಕರವಸ್ತ್ರದಷ್ಟು ಬಟ್ಟೆ. ಕೋಲು ಮುರಿದಿತ್ತು. ತನ್ನ ಬೂಟಿನ ಲೇಸು ಬಿಚ್ಚಿ ಕೋಲನ್ನು ಕಟ್ಟಿಕೊಂಡಿದ್ದ. ಗಾಶ್ಪರನಿಗೆ ಆ ಲೇಸು ಹಿಡಿಸಲಿಲ್ಲ. ವೀರನಾದವನು ಬೂಟು ಜಾರಿಸಿಕೊಂಡು ರೈಲಿಗೆ ಎದುರು ನಿಲ್ಲುತ್ತಾನೆಯೇ? ಆ ಲೇಸನ್ನು ಅವನು ಒಂದು ಸಲವೂ ಯಾರಿಗೂ ಹೇಳಲಿಲ್ಲ.

ಆ ವರ್ಷದ ಏಪ್ರಿಲಿನಲ್ಲಿ ಒಂದು ಲಕೋಟೆ ಬಂತು. ಕಾರ್ಖಾನೆ ಸೈನ್ಯದ ಟ್ಯಾಂಕುಗಳಿಗೆ ಉಕ್ಕಿನ ಹಾಳೆ ಮಾಡುತ್ತಿತ್ತು. ಹಾಗಾಗಿ ಅಲ್ಲಿ ಕೆಲಸ ಮಾಡುವವರೆಲ್ಲ ದೇಶನಿಷ್ಠರೋ ಅಲ್ಲವೋ ಎಂದು ತೂಗಿ ನೋಡಲು ಸರಕಾರ ಒಂದು ಮಂಡಳಿ ಮಾಡಿತ್ತು. ಆ ದಿನಗಳಲ್ಲಿ ಇಡೀ ದೇಶವೇ ಮಂಚದ ಕೆಳಗೆ ಕಮ್ಯುನಿಸ್ಟರನ್ನು ಹುಡುಕುತ್ತಿತ್ತು. ಮಂಚ ಸಾಲದ ಮನೆಯವರು ಕಪಾಟಿನಲ್ಲಿ ಹುಡುಕುತ್ತಿದ್ದರು. ಗಾಶ್ಪರ್ ವ್ರಾಬೆಲನ ಮೇಲೆ ಮೂವತ್ತೇಳರಲ್ಲಿ ಕೆಂಪು ಬಾವುಟ ಬೀಸಿ ರೈಲು ತಡೆದ ದೂರು ಇದೆ, ವಿಚಾರಣೆಗೆ ಬರಬೇಕು, ಅಲ್ಲಿಯ ತನಕ ಕ್ರೇನು ಹತ್ತಕೂಡದು ಎಂದು ಆ ಕಾಗದ ಹೇಳಿತು. ತಪ್ಪಿತಸ್ಥನೆಂದಾದರೆ ಆ ಕ್ರೇನಷ್ಟೇ ಅಲ್ಲ, ಕಣಿವೆಯ ಯಾವ ಕಾರ್ಖಾನೆಯ ಗೇಟೂ ಅವನಿಗೆ ತೆರೆಯುವುದಿಲ್ಲ.

ಹೆಂಡತಿ ವೆರೋನಾ ಕಾಗದವನ್ನು ಎರಡು ಸಲ ಓದಿದಳು. ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತುತ್ತಿದ್ದ ಕೈಯನ್ನು ಒರೆಸಿಕೊಂಡಳು.

"ಅಯ್ಯೋ, ಇದಕ್ಕೇನು? ಹೋಗಿ ನಿಜ ಹೇಳು. ಆ ದಿನ ನಮ್ಮಮ್ಮನ ನೆಲಮಾಳಿಗೇಲಿ ಬಚ್ಚಿಟ್ಕೊಂಡಿದ್ದೆ ಅಂತ ಹೇಳು."

"ಬಚ್ಚಿಟ್ಕೊಂಡಿರ್ಲಿಲ್ಲ. ಕೂತಿದ್ದೆ."

"ಬೆಳಿಗ್ಗೆಯಿಂದ ಸಂಜೆ ತನಕ, ಎಲೆಕೋಸಿನ ಉಪ್ಪಿನಕಾಯಿ ಪೀಪಾಯಿ ಹಿಂದೆ? ಅಮ್ಮ ಉಚ್ಚೆಗೆ ಡಬ್ಬ ಇಳಿಸಿದ್ದು ಮರೆತು ಹೋಯ್ತಾ?"

"ಲೇ, ಕಿಟಕಿ ಹಾಕು."

"ಹಾಕಲ್ಲ. ಊರಿಗೆಲ್ಲ ಕೇಳಿಸ್ಲಿ. ಹದಿನೇಳು ವರ್ಷದಿಂದ ಈ ಬಾಯಿ ಮುಚ್ಕೊಂಡು ಇದೀನಿ. ಗಂಡ ಹುಲಿ ಅಂತ ಎಲ್ರೂ ಅಂದಾಗ, ಹ್ಞೂಂ, ಹುಲಿ, ಉಪ್ಪಿನಕಾಯಿ ಹುಲಿ ಅಂತ ಮನಸಲ್ಲೇ ಅಂದ್ಕೊಂಡಿದೀನಿ. ಈಗ ಆ ಹುಲಿಯಿಂದ ನನ್ನ ಮನೆ ಹೋಗೋದಾದ್ರೆ ಚರ್ಚಿನ ಗಂಟೆ ಬಾರಿಸಿ ಹೇಳ್ತೀನಿ."

ಗಾಶ್ಪರನಿಗೆ ಕೆಲಸ ಹೋಗುವ ಭಯ ಒಂದು ಕಡೆ, ಕುಬಾಲನ ಅಂಗಡಿಯವರು ನಗುವ ಭಯ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಕೇಳಿದ್ದರೆ ಅವನು ಒಂದು ದಿನ ಸಮಯ ಕೇಳುತ್ತಿದ್ದ. ಆದರೆ ಗುಡ್ಡದಿಂದ ಕೆಳಗೆ ನೋಡಿದಾಗ ಕಾರ್ಖಾನೆಯ ಮಾಡಿನ ಮೇಲೆ ಕೆಂಪು ಬೆಳಕು ಏರಿ ಇಳಿಯುತ್ತಿತ್ತು. ಬೇರೆ ಯಾರೋ ಅವನ ಕೊಪ್ಪರಿಗೆಯನ್ನು ಹೊರುತ್ತಿದ್ದರು, ಅದೂ ಕುಲುಕಾಡಿಸುತ್ತ. ಅದನ್ನು ನೋಡಿದ ಮೇಲೆ ಅವನು ತೀರ್ಮಾನಿಸಿದ. ಹೇಡಿಯೆಂದು ಹೇಳಿಕೊಂಡರೂ ಸರಿ, ಆ ಗೂಡಿಗೆ ಮರಳಬೇಕು.

ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಶಿಮೊನ್ ಸಿಕ್ಕಿದ. ಮುಖ ಸುಣ್ಣ ಬಳಿದ ಹಾಗಿತ್ತು.

"ಏನು ಹೇಳ್ಬೇಕು ಅಂತಿದೀಯ?" ಎಂದ.

"ನಾನಲ್ಲ ಅಂತೀನಿ. ನೆಲಮಾಳಿಗೇಲಿ ಇದ್ದೆ ಅಂತೀನಿ."

"ಮತ್ತೆ ಯಾರು ಅಂತ ಕೇಳ್ತಾರೆ."

"ಗೊತ್ತಿಲ್ಲ ಅಂತೀನಿ. ನೆಲಮಾಳಿಗೇಲಿ ಇದ್ದವನಿಗೆ ಹೇಗೆ ಗೊತ್ತಾಗುತ್ತೆ?"

ಶಿಮೊನ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ನನ್ನ ಹುಡುಗಿ ಮುಂದಿನ ವರ್ಷ ಕಾಲೇಜಿಗೆ ಹೋಗ್ಬೇಕು. ನಮ್ಮ ವಂಶದಲ್ಲೇ ಮೊದಲನೇದು."

"ಲೋ, ಆ ಹುಡುಗಿಯ ಜ್ಞಾನಸ್ನಾನಕ್ಕೆ ಕೈಲಿ ಎತ್ಕೊಂಡಿದ್ದು ಯಾರು? ನಾನು. ನಿನ್ನ ಹೆಸರು ಈ ಬಾಯಿಂದ ಬರಲ್ಲ. ಬೇಕಾದ್ರೆ ನಾಲಿಗೆ ಕಿತ್ತು ಫ್ರಿಜ್ಜಲ್ಲಿಟ್ಟು ಹೋಗ್ತೀನಿ."

ಶಿಮೊನ್ ನಗಲಿಲ್ಲ. ನಗದಿದ್ದದ್ದು ಗಾಶ್ಪರನಿಗೆ ವಿಶೇಷ ಅನಿಸಲಿಲ್ಲ. ಶಿಮೊನ್ ನಕ್ಕದ್ದು ಊರಿಗೆ ನೆನಪಿರುವಂತೆ ಎರಡು ಸಲ, ಅದರಲ್ಲಿ ಒಂದು ಸೀನು.

ವಿಚಾರಣೆ ಪಿಟ್ಸ್‌ಬರ್ಗಿನ ಒಂದು ಕಟ್ಟಡದ ಆರನೇ ಮಹಡಿಯಲ್ಲಿ. ಗಂಡ ಹೆಂಡತಿ ಇಬ್ಬರೂ ಈಸ್ಟರಿಗೆ ಹಾಕುವ ಬಟ್ಟೆ ಹಾಕಿಕೊಂಡು ಹೋದರು. ಉದ್ದ ಮೇಜಿನ ಹಿಂದೆ ಮೂವರು, ಮೂವರಿಗೂ ಒಂದೇ ಬಗೆಯ ಕನ್ನಡಕ. ನಡುವಿನವರ ಹೆಸರು ಥರ್ಲೋ. ಅವರ ದನಿ ಎಷ್ಟು ಮೃದುವೆಂದರೆ ಅದನ್ನು ಬ್ರೆಡ್ಡಿಗೆ ಸವರಬಹುದಿತ್ತು. ಮೂಲೆಯಲ್ಲಿ ಒಬ್ಬ ಹೆಣ್ಣುಮಗಳು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು.

ಥರ್ಲೋ ದೂರನ್ನು ಓದಿದರು. "ನೀವು ನಲವತ್ತು ಅಡಿ ಉದ್ದದ ಕೆಂಪು ಬಾವುಟದೊಂದಿಗೆ ರೈಲು ತಡೆದಿರಿ. ಮುನ್ನೂರು ಪೊಲೀಸರನ್ನು ಹಿಮ್ಮೆಟ್ಟಿಸಿದಿರಿ. ಆಗಿನ ಗವರ್ನರರು ನಿಮ್ಮೊಡನೆ ಫೋನಿನಲ್ಲಿ ಮಾತುಕತೆ ನಡೆಸಿದರು. ಒಂದು ಹೆಂಡದಂಗಡಿಯಲ್ಲಿ, ಬೇರೆ ಬೇರೆ ದಿನ, ನೀವೇ ಹೇಳಿದ್ದು."

ಗಾಶ್ಪರನಿಗೆ ನಗು ತಡೆಯಲಾಗಲಿಲ್ಲ. "ಸ್ವಾಮಿ, ಮುನ್ನೂರು ಪೊಲೀಸರು ನಮ್ಮೂರಲ್ಲಿ ನಿಲ್ಲೋಕೆ ಜಾಗ ಎಲ್ಲಿದೆ? ಮೂವರು ಒಟ್ಟಿಗೆ ನಿಂತ್ರೆ ಒಬ್ಬ ಹೊಳೆಗೆ ಬೀಳ್ತಾನೆ. ಬಾಯಿಗೆ ಬಂದಿದ್ದು ಹೇಳಿದೆ. ಬಿಯರಿಗೋಸ್ಕರ."

"ಎಲ್ಲವೂ ಸುಳ್ಳೇ?"

"ಎಲ್ಲ. ನಾನು ಆ ದಿನ ನಮ್ಮತ್ತೆ ಮನೆಯ ನೆಲಮಾಳಿಗೇಲಿದ್ದೆ. ಭಯ ಆಗಿತ್ತು."

ಬರೆಯುವ ಹೆಣ್ಣುಮಗಳು ಅದನ್ನೂ ಬರೆದುಕೊಂಡಳು.

ವೆರೋನಾಳನ್ನು ಕರೆದರು. ಅವಳು ಎದ್ದು ನಿಂತು, ಕೈಚೀಲವನ್ನು ಎದೆಗವಚಿಕೊಂಡು, ಚರ್ಚಿನಲ್ಲಿ ಹಾಡುವ ದನಿಯಲ್ಲಿ ಶುರು ಮಾಡಿದಳು.

"ನನ್ನ ಗಂಡ ಹೇಡಿ, ಸರ್. ಬರೆದು ಕೊಡ್ತೀನಿ. ಬಾತುಕೋಳಿ ಓಡಿಸ್ಕೊಂಡು ಬಂದ್ರೆ ಮರ ಹತ್ತೋ ಜಾತಿ. ಹಲ್ಲಿನ ಡಾಕ್ಟ್ರ ಮನೆ ಬೀದೀಲಿ ನಡೆಯಲ್ಲ, ಸುತ್ತು ಹಾಕ್ಕೊಂಡು ಹೋಗ್ತಾನೆ. ಇವನು ರೈಲು ನಿಲ್ಲಿಸ್ತಾನಾ? ಬಸ್ಸು ನಿಲ್ಲಿಸೋಕೂ ನಾನೇ ಕೈ ಎತ್ಬೇಕು!"

ಕನ್ನಡಕದವರಲ್ಲಿ ಒಬ್ಬ ತುಟಿ ಕಚ್ಚಿಕೊಂಡ. ಥರ್ಲೋ ಮಾತ್ರ ತಲೆಯಾಡಿಸಿದರು. "ಗಂಡನನ್ನು ಉಳಿಸಿಕೊಳ್ಳಲು ಒಳ್ಳೆಯ ಹೆಂಡತಿ ಏನನ್ನಾದರೂ ಹೇಳುತ್ತಾಳೆ, ಅಮ್ಮ. ನಿಮ್ಮ ಬಗ್ಗೆ ನನಗೆ ಗೌರವವಿದೆ." ಆಮೇಲೆ ಗಾಶ್ಪರನ ಕಡೆ ತಿರುಗಿದರು. "ನೀವಲ್ಲದಿದ್ದರೆ ಯಾರು?"

"ಗೊತ್ತಿಲ್ಲ."

"ಹದಿನೇಳು ವರ್ಷ ಒಂದೇ ಊರಲ್ಲಿದ್ದೂ?"

"ಗೊತ್ತಿಲ್ಲ, ಸ್ವಾಮಿ."

ಥರ್ಲೋ ಇನ್ನೊಂದು ಕಾಗದವನ್ನು ಕೈಗೆತ್ತಿಕೊಂಡರು. "ಹೆಂಡದಂಗಡಿಯ ಮಾತನ್ನೇ ನಂಬಿ ನಾವು ಯಾರ ಕೆಲಸವನ್ನೂ ಕಸಿಯುವುದಿಲ್ಲ. ಇದು ಬೇರೆ. ಪ್ರಮಾಣ ಮಾಡಿ ಕೊಟ್ಟ ಹೇಳಿಕೆ. ಹೆಸರು ಹೇಳುವಂತಿಲ್ಲ, ಆದರೆ ಸುಳ್ಳು ಹೇಳುವವರಲ್ಲ ಎಂದು ನಿಮ್ಮ ಪಾದ್ರಿಗಳೇ ಭರವಸೆ ಕೊಟ್ಟಿದ್ದಾರೆ." ಕನ್ನಡಕ ಸರಿಪಡಿಸಿಕೊಂಡು ಓದಿದರು. "'ವ್ರಾಬೆಲ್ ಹಳಿಯ ಮೇಲೆ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಬಾವುಟ ಸಣ್ಣದು. ಅದರ ಕೋಲು ಮುರಿದಿತ್ತು. ಬೂಟಿನ ಲೇಸಿನಿಂದ ಕಟ್ಟಿದ್ದ.'"

ಗಾಶ್ಪರನಿಗೆ ಮೊದಲು ಏನೂ ಅನಿಸಲಿಲ್ಲ. ಆಮೇಲೆ ಮೇಜು, ಕನ್ನಡಕ, ಕಿಟಕಿಯಾಚೆಯ ಪಿಟ್ಸ್‌ಬರ್ಗ್ ಎಲ್ಲ ಒಂದು ಗೇಣು ದೂರ ಸರಿದವು. ಲೇಸಿನ ವಿಷಯ ಗೊತ್ತಿದ್ದವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬ ಈ ಕುರ್ಚಿಯಲ್ಲಿ ಕೂತಿದ್ದ.

ವೆರೋನಾಳಿಗೆ ಲೇಸು ಗೊತ್ತಿರಲಿಲ್ಲ. ಆದರೆ ಗಂಡನ ಕಿವಿಯ ತುದಿ ಬಿಳಿಚಿಕೊಂಡದ್ದು ಕಂಡಿತು. ಪಿಸುಗುಟ್ಟಿದಳು: "ಯಾರು ಅಂತ ಗೊತ್ತಾಯ್ತಲ್ಲ ನಿನಗೆ? ಹೇಳಿಬಿಡು."

"ಶ್ರೀ ವ್ರಾಬೆಲ್," ಥರ್ಲೋ ಇನ್ನಷ್ಟು ಮೃದುವಾದರು, "ಬೇರೆಯವರಿದ್ದರೆ ಈಗಲೂ ಹೇಳಬಹುದು. ನಾಳೆಯೇ ಕ್ರೇನಿಗೆ ಮರಳುತ್ತೀರಿ."

ಹೆಸರು ಹಲ್ಲಿನ ತನಕ ಬಂತು. ಶಿ ಎಂಬ ಸದ್ದಿಗೆ ಬಾಯಿಯ ಆಕಾರವೂ ಆಯಿತು. ಹೇಳಿದರೆ ಇವರು ನಂಬುತ್ತಾರೆಯೇ? ಸುಳ್ಳನೊಬ್ಬ ತನ್ನನ್ನು ಉಳಿಸಿಕೊಳ್ಳಲು ಸತ್ಯವಂತನ ಮೇಲೆ ಹಾಕಿದ ಎನ್ನುತ್ತಾರೆ. ಇಲ್ಲ, ನಂಬಿಯೇಬಿಟ್ಟರೆ? ಆಗ ಇಬ್ಬರೂ ಹೋಗಬಹುದು, ಹುಡುಗಿಯ ಕಾಲೇಜೂ ಹೋಗಬಹುದು. ಮೂಲೆಯ ಹೆಣ್ಣುಮಗಳು ಪೆನ್ಸಿಲು ಎತ್ತಿ ಹಿಡಿದು ಕಾಯುತ್ತಿದ್ದಳು. ನಲವತ್ತು ಅಡಿಯನ್ನು ಬರೆದ ಅದೇ ಅಂದದ ಅಕ್ಷರದಲ್ಲಿ, ಭಯ ಆಗಿತ್ತು ಎಂದು ಬರೆದ ಅದೇ ಅಕ್ಷರದಲ್ಲಿ, ಅದನ್ನೂ ಬರೆಯಲಿದ್ದಳು. ಗಾಶ್ಪರನಿಗೆ ಒಮ್ಮೆಲೇ ರೇಗಿತು. ಶಿಮೊನನ ಮೇಲೋ, ತನ್ನ ಮೇಲೋ, ಆ ಪೆನ್ಸಿಲಿನ ಮೇಲೋ ಅವನಿಗೇ ತಿಳಿಯಲಿಲ್ಲ. ಜೀವನದಲ್ಲಿ ಒಂದೇ ಒಂದು ಸಲ, ಟೈ ಕಟ್ಟಿಕೊಂಡು, ಒಂದು ತೊಟ್ಟು ಬಿಯರು ಕುಡಿಯದೆ ನಿಜ ಹೇಳಿದ್ದ. ಅದನ್ನು ಕೊಳ್ಳುವವರೇ ಇರಲಿಲ್ಲ.

ಅವನು ಎದ್ದು ನಿಂತ. ಕುಬಾಲನ ಅಂಗಡಿಯಲ್ಲಿ ನಿಲ್ಲುವಂತೆ, ಹೆಬ್ಬೆರಳುಗಳನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು.

"ಲೇಸಿನ ವಿಷಯ ನಿಜ," ಎಂದ. "ಬಾವುಟ ಮಾತ್ರ ಸಣ್ಣದಲ್ಲ. ನಲವತ್ತೂ ಅಲ್ಲ ಸ್ವಾಮಿ, ಅರವತ್ತು ಅಡಿ. ಬರ್ಕೊಳ್ಳಿ. ಗವರ್ನರು ಫೋನಲ್ಲಿ ಅತ್ತುಬಿಟ್ರು. ಅದನ್ನೂ ಬರ್ಕೊಳ್ಳಿ."

ವೆರೋನಾ ಕೈಚೀಲದ ಕೊಂಡಿಯನ್ನು ಪಟ್ಟನೆ ಮುಚ್ಚಿದಳು. ಆ ಸದ್ದಿಗೆ ಆರು ಮಹಡಿ ಕೆಳಗಿನ ಪಾರಿವಾಳಗಳೂ ಎದ್ದಿರಬೇಕು. ಮನೆಗೆ ಹೋಗುವ ಬಸ್ಸಿನಿಂದ ಇಳಿಯುವಾಗ "ಅರವತ್ತು ಅಡಿ" ಎಂದಳು, ಅಷ್ಟೇ.

ತೀರ್ಪು ಹತ್ತು ದಿನಕ್ಕೆ ಬಂತು: ತಪ್ಪಿತಸ್ಥ, ಕೆಲಸ ಹೋಯಿತು. ಕೋಲ್ಬಿ ಫೆರಿಗೆ ಅದು ತಲುಪುವ ಮೊದಲೇ ಎಲ್ಲರಿಗೂ ಗೊತ್ತಿತ್ತು. ಗಾಶ್ಪರ್ ಕುಬಾಲನ ಅಂಗಡಿಗೆ ಹೋದ. ಎಂದಿನ ಮಂದಿಯೇ ಇದ್ದರು. ಅವನು ಬಂದು ಕೂತ ಕೂಡಲೇ ಎಲ್ಲರಿಗೂ ಟೆಲಿವಿಷನ್ನಿನ ಬೇಸ್‌ಬಾಲ್ ಮೇಲೆ ಎಲ್ಲಿಲ್ಲದ ಭಕ್ತಿ ಬಂತು. ಅವನ ಪಕ್ಕದ ಎರಡು ಸ್ಟೂಲುಗಳು ಖಾಲಿಯಾದವು.

"ಏನಪ್ಪಾ, ಇವತ್ತು ಯಾರೂ ಕಥೆ ಕೇಳಲ್ವಾ?" ಎಂದ ಗಾಶ್ಪರ್.

ಅಂಗಡಿಯ ಕುಬಾಲ ಗ್ಲಾಸು ಒರೆಸುತ್ತಲೇ ಹೇಳಿದ: "ನೋಡಣ್ಣ, ನೀನು ಕುಡಿ, ಬೇಡ ಅನ್ನಲ್ಲ. ಆ ಕಥೆ ಮಾತ್ರ ಇಲ್ಲಿ ಬೇಡ. ನನಗೂ ಲೈಸೆನ್ಸಿದೆ, ಹೆಂಡ್ತಿ ಮಕ್ಕಳಿದಾರೆ."

"ಹದಿನೇಳು ವರ್ಷ ಕೇಳಿ ಹಲ್ಲು ಕಿಸ್ದಿರಲ್ಲೋ!"

"ಆಗ ಅದು ಸುಳ್ಳು ಅಂತ ಎಲ್ರಿಗೂ ಗೊತ್ತಿತ್ತಲ್ಲ," ಎಂದ ಕುಬಾಲ.

ಗಾಶ್ಪರ್ ಗ್ಲಾಸು ಮುಗಿಸಲಿಲ್ಲ. ಊರು ಹುಟ್ಟಿದ ಮೇಲೆ ಅದು ಮೊದಲ ಸಲ.

ಕಾರ್ಖಾನೆಯಲ್ಲಿ ಒಬ್ಬ ಹೋದರೆ ಅವನ ಜಾಗ ಸೇವೆಯಲ್ಲಿ ಹಿರಿಯನಾದ ಮುಂದಿನವನಿಗೆ. ಅದು ಯೂನಿಯನ್ ರಕ್ತ ಸುರಿಸಿ ಗಳಿಸಿದ ನಿಯಮ, ಯಾರೂ ಬೆರಳು ತೂರಿಸುವಂತಿಲ್ಲ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಗಾಶ್ಪರನ ಕೆಳಗಿನ ಹೆಸರು ಶಿಮೊನ್ ಹ್ಲಾದಿಕ್.

ಜೂನಿನ ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ಶಿಮೊನ್ ಮನೆಗೆ ಬಂದ. ಅಂಗಳದಲ್ಲಿ ಮನೆ ಮಾರಾಟಕ್ಕಿದೆ ಎಂಬ ಹಲಗೆ ನೆಟ್ಟಿತ್ತು. ಅವನು ಅದನ್ನು ಸುತ್ತು ಬಳಸಿ ಬಂದ, ತಗುಲಿದರೆ ಸುಡುತ್ತದೆ ಎನ್ನುವ ಹಾಗೆ. ವೆರೋನಾ ಬಾಗಿಲು ತೆರೆದು, ಮುಖ ನೋಡಿ, ಅಡುಗೆಮನೆಗೆ ಹೋದಳು. ಅಲ್ಲಿ ಪಾತ್ರೆಗಳು ಸದ್ದು ಮಾಡತೊಡಗಿದವು.

"ಕೂತ್ಕೊ," ಎಂದ ಗಾಶ್ಪರ್.

ಶಿಮೊನ್ ಕುರ್ಚಿಯ ಅಂಚಿನಲ್ಲಿ ಕೂತ. "ಇಬ್ರು ಬಂದಿದ್ರು. ಏನು ಗೊತ್ತು ನಿನಗೆ, ಹೇಳು ಅಂದ್ರು. ಮೇಜಿನ ಮೇಲೆ ಬೈಬಲ್ಲು ಇಟ್ರು. ನನ್ನ ಬಾಯಿ ಒಣಗಿಹೋಯ್ತು. ನೀನೇ ಹೇಳ್ಕೊಂಡು ತಿರುಗ್ತಿದ್ಯಲ್ಲ... ಅದಾಗ್ಲೇ ನಿನ್ನದು ಅಂತ ಅನಿಸಿಬಿಡ್ತು."

"ಲೇಸು ಯಾಕೆ ಹೇಳ್ದೆ?"

"ಏನಾದ್ರೂ ಒಂದು ನಿಜ ಹೇಳ್ಬೇಕು ಅನಿಸ್ತು."

ಗಾಶ್ಪರ್ ತಲೆಯಾಡಿಸಿದ. ಅವನಿಗೆ ಅದು ಅರ್ಥವಾಯಿತು. ಅರ್ಥವಾದದ್ದೇ ಹೊಟ್ಟೆ ಉರಿಸಿತು. "ಕ್ರೇನು ಹೇಗಿದೆ?"

"ಇನ್ನೂ ಹತ್ತಿಲ್ಲ. ಅದಕ್ಕೇ ಬಂದಿದ್ದು." ಶಿಮೊನ್ ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದ. "ಆ ಜಾಗಕ್ಕೆ ಹೋಗೋರು ಎಲ್ಲ ಬರೆದು ಕೊಡಬೇಕಂತೆ. ಮುಷ್ಕರದ ದಿನ ನೀವೆಲ್ಲಿದ್ರಿ ಅಂತ ಒಂದು ಪ್ರಶ್ನೆ ಇದೆ. ಕಣ್ಣಾರೆ ಕಂಡೆ ಅಂದ್ಯಲ್ಲ, ಎಲ್ಲಿಂದ ಕಂಡೆ, ಯಾಕೆ ಅಲ್ಲಿದ್ದೆ ಅಂತ ಕೇಳ್ತಿದಾರೆ. ನಾನು... ಬಚ್ಚಿಟ್ಕೊಂಡಿದ್ದೆ, ಕಿಂಡೀಲಿ ನೋಡ್ದೆ ಅಂದೆ. ಬಾಯಿ ತಪ್ಪಿ ಬಂದುಬಿಡ್ತು. ಎಲ್ಲಿ, ಹೇಗೆ ಅಂತ ಬರೀರಿ ಅಂದ್ರು. ನನಗೆ ಸುಳ್ಳು ಕಟ್ಟೋಕೆ ಬರಲ್ಲ, ನಿನಗೆ ಗೊತ್ತಲ್ಲ."

ಅಡುಗೆಮನೆಯ ಸದ್ದು ನಿಂತಿತು.

"ನಿಮ್ಮತ್ತೆ ನೆಲಮಾಳಿಗೆ ಹಳಿ ಪಕ್ಕದಲ್ಲೇ ಇತ್ತಲ್ಲ," ಎಂದ ಶಿಮೊನ್, ನೆಲ ನೋಡುತ್ತ. "ನಿನಗೆ ಇನ್ನು ಅದರಿಂದ ಉಪಯೋಗ ಇಲ್ಲ. ಒಳಗೆ ಹೇಗಿತ್ತು ಅಂತ ಸ್ವಲ್ಪ ಹೇಳ್ತೀಯಾ?"

ವೆರೋನಾ ಬಾಗಿಲಿಗೆ ಬಂದು ನಿಂತಳು. "ಹೇಳು," ಎಂದಳು ಗಂಡನಿಗೆ. "ಅದೊಂದು ಯಾಕೆ ಇಟ್ಕೊಂಡಿದೀಯ? ಕೊಟ್ಟುಬಿಡು. ಬುಟ್ಟಿ ತರ್ಲಾ?"

ಗಾಶ್ಪರ್ ಹೊರಗೆ ನೋಡಿದ. ಕಿಟಕಿಯಾಚೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುವ ಯಂತ್ರ ತಳ್ಳುತ್ತಿದ್ದ. ಆಮೇಲೆ ಗಾಶ್ಪರ್ ಹೇಳಲು ಶುರು ಮಾಡಿದ, ತೂಗಿ ತೂಗಿ, ಕೊಪ್ಪರಿಗೆ ಇಳಿಸುವವನಂತೆ.

"ಒಂಬತ್ತು ಮೆಟ್ಟಿಲು. ಎರಡು ಪೀಪಾಯಿ, ಎರಡರಲ್ಲೂ ಎಲೆಕೋಸು. ಮೇಲೆ ಭಾರಕ್ಕೆ ಕಲ್ಲು. ಒಂದು ಕಿಂಡಿ, ಅಂಗೈಯಷ್ಟು. ಅದಕ್ಕೆ ಗೋಣಿ ತುರುಕಿತ್ತು."

"ಕಿಂಡಿ ಇನ್ನೂ ದೊಡ್ಡದು ಅಂತ ಬರೀಲಾ?"

"ಬೇಡ. ಇದ್ದಷ್ಟೇ ಬರಿ. ಒಂದಕ್ಕೆ ಎರಡು ಸೇರಿಸಿದ್ರೆ ಸಿಕ್ಕಿಬೀಳ್ತೀಯ."

ಶಿಮೊನ್ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಬರೆದುಕೊಂಡ. "ರೈಲಿನ ಸದ್ದು ಒಳಗೆ ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು. ಪೀಪಾಯಿಯ ನೀರು ನಡುಗ್ತಿತ್ತು. ಆಮೇಲೆ ನಡುಗೋದು ನಿಂತುಹೋಯ್ತು."

"ಗೋಣಿ ತೆಗೆದು ನೋಡ್ದೆಯಾ?"

"ಇಲ್ಲ. ನೀನು ತೆಗೆದೆ ಅಂತ ಬರ್ಕೊ."

ಶಿಮೊನ್ ಬರೆದುಕೊಂಡ.

"ರೈಲು ನಿಂತಾಗ ನಾನೇನು ಮಾಡ್ತಿದ್ದೆ?" ಎಂದು ಕೇಳಿದ.

"ಕಿವಿ ಮುಚ್ಕೊಂಡಿದ್ದೆ," ಎಂದ ಗಾಶ್ಪರ್. "ಎರಡೂ ಕೈಯಿಂದ."